ಮೂರು ಮಷೀನಿನಲ್ಲೂ ತೆರೆದ ಕಾಗದ

ರೇಷ್ಮೆಗೂಡು ಬೇಯುವ ವಾಸನೆಯನ್ನು ಹೊಗಳಿದವರನ್ನು ನಾನಿನ್ನೂ ಕಂಡಿಲ್ಲ. ಹೋದ ತಿಂಗಳು ಒಂದು ಗೃಹಪ್ರವೇಶಕ್ಕೆಂದು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೊರಟಿದ್ದೆ. ಊರು ಇನ್ನೂ ಒಂದು ಮೈಲಿ ಇರುವಾಗಲೇ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆರು ವರ್ಷ ಆ ವಾಸನೆಯಲ್ಲೇ ಮಧ್ಯಾಹ್ನದ ಬುತ್ತಿ ಬಿಚ್ಚಿದವಳು ನಾನು, ಮೂಗಿಗೆ ಅದು ಅಭ್ಯಾಸ. ಮನಸ್ಸಿಗೆ ಮಾತ್ರ ಅಭ್ಯಾಸವಾಗಿಲ್ಲ. ಕೂತಲ್ಲೇ ಕಾಲು ಅಲ್ಲಾಡಿಸತೊಡಗಿದೆ. ಗೃಹಪ್ರವೇಶದ ಊಟಕ್ಕೆ ಕೂತಾಗಲೂ ಅದು ನಿಲ್ಲಲಿಲ್ಲ, ಎದುರು ಸಾಲಿನವರು ಎರಡು ಸಲ ಬಗ್ಗಿ ನೋಡಿದರು. 2009ರ ಮಳೆಗಾಲ ನೆನಪಾದರೆ ನನಗೆ ಹೀಗೇ ಆಗುತ್ತದೆ.

ಆಗ ನನಗೆ ಮೂವತ್ತೊಂದು ವಯಸ್ಸು. ಶಿಡ್ಲಘಟ್ಟದ ಅಂಚಿನಲ್ಲಿ, ಚಿಂತಾಮಣಿ ರಸ್ತೆಗೆ ಮುಖ ಮಾಡಿದ ಒಂದೇ ಕೋಣೆಯ ಅಂಗಡಿ. ಟೈಪಿಂಗ್, ಪ್ರಿಂಟ್, ಸ್ಕ್ಯಾನ್, ಇಂಟರ್ನೆಟ್, ಅರ್ಜಿ ತುಂಬಿಕೊಡುವುದು. ಮೂರು ಕಂಪ್ಯೂಟರು ಇದ್ದವು. ನಾವು ಅವನ್ನು ಮಷೀನು ಎಂದೇ ಕರೆಯುತ್ತಿದ್ದೆವು. ಬೌದ್ಧ ಧರ್ಮ ಸ್ವೀಕರಿಸಿದ ಮನೆ ನಮ್ಮದು, ಅಪ್ಪ ಮೇಷ್ಟ್ರು. ಮಗಳು ಅಂಗಡಿ ಹಾಕುತ್ತಾಳೆಂದಾಗ ಬೋರ್ಡಿನ ಮೇಲೆ ಮಗಳ ಹೆಸರೇ ಇರಬೇಕೆಂದು ಹಟ ಹಿಡಿದು, ಸುಜಾತ ಎಂದು ತಾವೇ ನಿಂತು ಬರೆಸಿದ್ದರು. ದಿನಾ ಬೆಳಿಗ್ಗೆ ಚಿಂತಾಮಣಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಸಂಜೆ ಬಸ್ಸಿನಲ್ಲೇ ಹೋಗುತ್ತಿದ್ದೆ.

ನಾನು ಆತುರದ ಹೆಣ್ಣು. ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲಿಗೆ ಹೋಗುವವಳು. ಪ್ರಿಂಟರಿನಿಂದ ಹಾಳೆ ಪೂರ್ತಿ ಬರುವಷ್ಟು ತಾಳ್ಮೆಯಿಲ್ಲದೆ ಎಳೆದು ಎಷ್ಟು ಜನರ ಜಾತಿ ಪ್ರಮಾಣಪತ್ರಕ್ಕೆ ಮಸಿ ಬಳಿದಿದ್ದೇನೋ ಲೆಕ್ಕವಿಲ್ಲ. ಈ ಗುಣವನ್ನು ಗಿರಾಕಿಗಳು ಚುರುಕು ಎಂದು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಆ ಹೊತ್ತಿಗೆ ಒಂದೊಂದೇ ಅರ್ಜಿ ಆನ್‌ಲೈನ್ ಆಗುತ್ತಿತ್ತು. ಅರ್ಜಿಯಲ್ಲಿ ಇಮೇಲ್ ವಿಳಾಸ ಎಂಬ ಖಾನೆ ಇರುತ್ತಿತ್ತು, ಅದನ್ನು ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ. ನೂಲು ತೆಗೆಯುವವರ ಮಕ್ಕಳಿಗೆ, ಹೊಲ ಗೇಯುವವರ ಮಕ್ಕಳಿಗೆ ಇಮೇಲ್ ಎಲ್ಲಿಂದ ಬರಬೇಕು. ಒಬ್ಬೊಬ್ಬರಿಗೂ ಹೊಸದು ಮಾಡಿಕೊಡಲು ಅರ್ಧ ಗಂಟೆ ಬೇಕು, ಮಾಡಿಕೊಟ್ಟರೂ ಮರುವಾರ ಪಾಸ್‌ವರ್ಡ್ ಮರೆತು ಬಂದು ನಿಲ್ಲುತ್ತಾರೆ. ಅದಕ್ಕೆ ನಾನೊಂದು ಸುಲಭದ ದಾರಿ ಕಂಡುಕೊಂಡಿದ್ದೆ. ಎಲ್ಲರ ಖಾನೆಯಲ್ಲೂ ಅಂಗಡಿಯ ಇಮೇಲನ್ನೇ ತುಂಬಿಬಿಡುವುದು. ನಾನೊಬ್ಬಳೇ ಅಲ್ಲ, ಗೌರಿಬಿದನೂರು, ಚಿಕ್ಕಬಳ್ಳಾಪುರದ ನಮ್ಮಂಥ ಅಂಗಡಿಗಳವರೂ ಇದನ್ನೇ ಮಾಡುತ್ತಿದ್ದರು. ಯಾರ ಪತ್ರ ಬಂದರೂ ನನ್ನಲ್ಲಿಗೇ ಬರುತ್ತಿತ್ತು. ನಾನೇ ತೆರೆದು, ಪ್ರಿಂಟ್ ತೆಗೆದು, ಹೆಸರು ಬರೆದು, ಗೋಡೆಯ ದಾರಕ್ಕೆ ಕ್ಲಿಪ್ಪು ಹಾಕಿ ನೇತುಹಾಕುತ್ತಿದ್ದೆ. ಊರಿನ ಅರ್ಧ ಜನರ ಭವಿಷ್ಯ ನನ್ನ ದಾರದಲ್ಲಿ ಒಣಗುತ್ತಿದೆ ಎಂದು ಬೀಗುತ್ತಿದ್ದೆ.

ಅಂಗಡಿಯ ಹಿಂದೆ ಮುನಿಯಮ್ಮನ ಮನೆ, ಅದರ ಹಿಂದೆ ಅವರ ಹುಳದ ಮನೆ. ಕೋಣೆ ಅವರದೇ, ನನಗೆ ಬಾಡಿಗೆಗೆ ಕೊಟ್ಟಿದ್ದರು. ಅರವತ್ತು ದಾಟಿದ ಹೆಂಗಸು. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಬಿಟ್ಟರೆ ಬೇರೆ ಮಾತಿಲ್ಲ. ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರು ಕದಡಿದ ನೀರಿನ ತೊಟ್ಟಿ ಇತ್ತು. ಅದರಲ್ಲಿ ಕಾಲು ಅದ್ದದೆ ಅವರ ಗಂಡನೂ ಒಳಗೆ ಹೋಗುವಂತಿರಲಿಲ್ಲ. ಸೊಪ್ಪು ತಂದವರು ಹೊರಗಿನ ಕೋಣೆಯಲ್ಲೇ ಇಳಿಸಿ ಹೋಗಬೇಕು, ಒಳಗಿನವರು ಬಂದು ಎತ್ತಿಕೊಳ್ಳಬೇಕು. ಒಂದು ಸಲ ನಾನು ಕುತೂಹಲಕ್ಕೆ ಇಣುಕಲು ಹೋದೆ. ಮುನಿಯಮ್ಮ ನನ್ನ ತಲೆಯ ಮಲ್ಲಿಗೆ ನೋಡಿ, “ಹೂವ ತೆಗ್ದು ಬಾಮ್ಮ, ಇಲ್ದಿದ್ರೆ ಅಲ್ಲೇ ನಿಂತ್ಕೋ” ಎಂದರು. ನನಗೆ ಸಿಟ್ಟು ಬಂದು ವಾಪಸ್ಸು ಬಂದಿದ್ದೆ.

ಆ ಮಳೆಗಾಲ ಅವರಿಗೂ ನೆಮ್ಮದಿ ಕೊಡಲಿಲ್ಲ. ಮಳೆ ಬಂದರೆ ಜೋರಾಗಿ ಬರಬೇಕು, ಇಲ್ಲವೇ ಹೋಗಬೇಕು. ಅದು ದಿನವಿಡೀ ಜಿನುಗುತ್ತಿತ್ತು. ಒದ್ದೆ ಸೊಪ್ಪು ತಿಂದರೆ ಹುಳುವಿಗೆ ರೋಗ ಬರುತ್ತದೆಂದು ಮುನಿಯಮ್ಮ ಸೊಪ್ಪನ್ನು ನನ್ನ ಅಂಗಡಿಯ ಜಗಲಿಯ ಮೇಲೆ ಹರಡಿ, ನನ್ನ ಟೇಬಲ್ ಫ್ಯಾನನ್ನೇ ಅದರ ಕಡೆಗೆ ತಿರುಗಿಸಿ ಇಡುತ್ತಿದ್ದರು. ಹುಳು ಮೂರನೇ ಜ್ವರದಲ್ಲಿತ್ತು. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ತಲೆ ಎತ್ತಿ ಅಲ್ಲಾಡದೆ ನಿಲ್ಲುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಸುಮ್ಮನಿರುತ್ತಿತ್ತು, ಮುನಿಯಮ್ಮ ಸುಮ್ಮನಿರುತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಂದು ಸೊಪ್ಪು ಮುಟ್ಟಿ ನೋಡುತ್ತಿದ್ದರು.

ದಾರದ ಕಡೆ ದಿನಾ ಕಣ್ಣು ಹಾಯಿಸಲು ಬರುತ್ತಿದ್ದವಳು ಶಾಹೀನಾ. ನರ್ಸಿಂಗ್ ಮುಗಿಸಿದ ಹುಡುಗಿ. ಅವಳ ತಂದೆ ನೂಲು ತೆಗೆಯುವ ಘಟಕವೊಂದರಲ್ಲಿ ಗೂಡು ಬೇಯಿಸುವ ಕೆಲಸದಲ್ಲಿದ್ದರು. ಕೆಲಸ ಸಿಗುವವರೆಗೆ ಅವಳೂ ಅಲ್ಲೇ ಬಾಣಲೆಯ ಮುಂದೆ ಕೂರುತ್ತಿದ್ದಳು. ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸುಗಳ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನದ ಪತ್ರ ಇಮೇಲಿನಲ್ಲೇ ಬರುತ್ತದೆ, ಅಂಚೆಯಲ್ಲಿ ಬರುವುದಿಲ್ಲ ಎಂದು ಪ್ರಕಟಣೆಯಲ್ಲಿತ್ತು. ಅರ್ಜಿ ತುಂಬಿದ್ದು ನಾನು. ಇಮೇಲ್ ಖಾನೆಯಲ್ಲಿ ಹಾಕಿದ್ದು ಅಂಗಡಿಯದು.

“ಅಕ್ಕಾ, ಈ ಕೈ ಹಿಂಗೇ ಇದ್ರೆ ಪೇಷೆಂಟ್ ನಾಡಿ ಹಿಡಿಯಕ್ಕೂ ಗೊತ್ತಾಗಲ್ಲ” ಎಂದು ಒಂದು ಸಂಜೆ ಬೆರಳು ತೋರಿಸಿ ನಕ್ಕಳು. “ಬೇಗ ಬರ್ಲಿ ಅಂತ ನೀವೂ ಸ್ವಲ್ಪ ಕೇಳ್ಕೊಳ್ಳಿ.”

“ಬಂದೇ ಬರುತ್ತೆ ಕಣಮ್ಮ. ಬಂದ ನಿಮಿಷಕ್ಕೆ ನಿಮ್ಮ ಅಬ್ಬಾನ ಮೊಬೈಲಿಗೆ ಫೋನ್ ಮಾಡ್ತೀನಿ” ಎಂದೆ. ಮಾತು ಕೊಟ್ಟಿದ್ದೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆಮೇಲೊಂದು ಸೋಮವಾರ ಬೆಳಿಗ್ಗೆ ಒಂದು ಮೇಲ್ ಬಂದಿತ್ತು. ಕಳಿಸಿದವರ ಹೆಸರು ಅರ್ಥವಾಗುವಂತಿರಲಿಲ್ಲ. ಒಳಗೆ ಎರಡು ಸಾಲು ಇಂಗ್ಲಿಷು, ಜೊತೆಗೊಂದು ಪಿಡಿಎಫ್, ಹೆಸರು ‘ಸಂದರ್ಶನದ ಕರೆಪತ್ರ’ ಎಂಬರ್ಥದ ಇಂಗ್ಲಿಷು. ಯಾರಿಗೆ, ಯಾವ ಸಂಸ್ಥೆಯಿಂದ, ಏನೂ ಇಲ್ಲ. ತಣ್ಣಗೆ ಕೂತು ನೋಡಿದ್ದರೆ ಇದು ಲೋಕಕ್ಕೆಲ್ಲ ಹಂಚಿದ ಮೋಸದ ಮೇಲ್ ಎಂದು ಗೊತ್ತಾಗುತ್ತಿತ್ತು. ನಾನು ತಣ್ಣಗೆ ಕೂರುವವಳೇ? ಶಾಹೀನಾದೇ ಬಂತು ಎಂದುಕೊಂಡು ಒತ್ತಿದೆ.

ಪಿಡಿಎಫ್ ತೋರಿಸುವ ಸಾಫ್ಟ್‌ವೇರು ಒಂದು ಕ್ಷಣ ತೆರೆದು ತಂತಾನೇ ಮುಚ್ಚಿಕೊಂಡಿತು. ಮತ್ತೆ ಒತ್ತಿದೆ, ಬಿಳಿ ಹಾಳೆ ಬಂತು, ಅಕ್ಷರ ಒಂದೂ ಇಲ್ಲ. ಈ ಮಷೀನಿಗೆ ಏನೋ ಆಗಿದೆ ಎಂದು ಎರಡನೆಯದರಲ್ಲಿ ತೆರೆದೆ. ಅಲ್ಲೂ ಬಿಳಿ ಹಾಳೆ. ಮೂರನೆಯದರಲ್ಲಿ ಟೈಪ್ ಮಾಡುತ್ತಿದ್ದ ಗಿರಾಕಿಯನ್ನು ಎಬ್ಬಿಸಿ ಅಲ್ಲೂ ತೆರೆದೆ. ಮೂರರಲ್ಲೂ ತೆರೆದ ಮೇಲೆ, ಕಳಿಸಿದವರೇ ಖಾಲಿ ಹಾಳೆ ಕಳಿಸಿದ್ದಾರೆ, ಇನ್ನೊಮ್ಮೆ ಕಳಿಸುತ್ತಾರೆ ಬಿಡು ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಇಡೀ ದಿನ ಅದೇ ಮಷೀನುಗಳಲ್ಲಿ ಐದಾರು ಸಲ ಅಂಗಡಿಯ ಪಾಸ್‌ವರ್ಡ್ ಹೊಡೆದು, ಪತ್ರ ಬಂತಾ ಎಂದು ನೋಡಿದೆ.

ಮಂಗಳವಾರ ಪಾಸ್‌ವರ್ಡ್ ತೆಗೆದುಕೊಳ್ಳಲಿಲ್ಲ. ನಾಲ್ಕು ಸಲ ಹೊಡೆದೆ, ದೊಡ್ಡಕ್ಷರ ಚಿಕ್ಕಕ್ಷರ ಬದಲಿಸಿ ಹೊಡೆದೆ. ಮರೆತವರಿಗೆಂದು ಕೇಳುವ ಗುಟ್ಟಿನ ಪ್ರಶ್ನೆಯೂ ಬದಲಾಗಿತ್ತು. ಮಧ್ಯಾಹ್ನ ಚಿಂತಾಮಣಿಯಿಂದ ಒಬ್ಬರು ಫೋನು ಮಾಡಿ, “ಏನಮ್ಮಾ ಸುಜಾತ, ನಿನ್ನ ಹೆಸ್ರಲ್ಲಿ ಯಾವ್ಯಾವ್ದೋ ಮಾತ್ರೆ ಮಾರೋ ಮೇಲ್ ಬರ್ತಾ ಇದೆ” ಎಂದರು. ಕೂತಿದ್ದ ಕುರ್ಚಿ ಬಿಸಿಯಾದಂತೆ ಎದ್ದು ನಿಂತೆ. ಅಂಗಡಿಯ ಮೇಲ್ ಯಾರೋ ಕಿತ್ತುಕೊಂಡಿದ್ದರು. ನಲವತ್ತಕ್ಕೂ ಹೆಚ್ಚು ಜನರಿಗೆ ಬರುವ ಪತ್ರಗಳೆಲ್ಲ ಅದರೊಳಗೆ ಬಂದು ಬೀಳುತ್ತಿದ್ದವು, ನಾನು ಹೊರಗೆ ನಿಂತಿದ್ದೆ.

ಅವತ್ತು ಸಂಜೆ ಶಾಹೀನಾ ಬಂದಳು. “ಬಂತಾ ಅಕ್ಕಾ?”

“ಇನ್ನೂ ಇಲ್ಲಮ್ಮ.”

ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಂದಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲವಲ್ಲ. ಒಂದೆರಡು ದಿನದಲ್ಲಿ ಸರಿಮಾಡಿಕೊಂಡರೆ ಯಾರಿಗೂ ತಿಳಿಯುವುದೇ ಬೇಡ. ಬೋರ್ಡಿನ ಮೇಲಿರುವುದು ನನ್ನ ಹೆಸರು. ಬುಧವಾರವೂ ಅದೇ ಉತ್ತರ ಕೊಟ್ಟೆ, ಗುರುವಾರವೂ. ಶುಕ್ರವಾರ ಅವಳು ಬರುವ ಹೊತ್ತಿಗೆ ಬೇಕೆಂದೇ ಬಾಗಿಲು ಎಳೆದುಕೊಂಡು ಬಸ್‌ಸ್ಟಾಂಡಿಗೆ ಹೋಗಿ ನಿಂತೆ. ಅಲ್ಲಿ ನಿಂತು ಒಂದಾದ ಮೇಲೊಂದು ಮೂರು ಬಸ್ಸು ಬಿಟ್ಟೆ. ಜೀವಮಾನದಲ್ಲಿ ನಾನು ಬಸ್ಸು ಬಿಟ್ಟದ್ದು ಅದೊಂದೇ ದಿನ.

ನಾನು ಫೋನ್ ಮಾಡಿ ಕರೆದಿದ್ದಕ್ಕೆ ಭಾನುವಾರ ವೆಂಕಟರವಣ ಬಂದ. ನನ್ನ ಜೊತೆ ಓದಿದವನು, ಊರು ನಗರಗೆರೆ, ಚಿಕ್ಕಬಳ್ಳಾಪುರದಲ್ಲಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಮಳೆಯಲ್ಲಿ ನೆನೆದ ಬೈಕು ನಿಲ್ಲಿಸಿ, ಜೇಬಿನಿಂದ ಬೇಯಿಸಿದ ಕಡಲೇಕಾಯಿ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, “ಯಾವ್ದು ಕೆಟ್ಟಿರೋದು?” ಎಂದ. ಮೂರೂ ಎಂದೆ. ಹೇಗೆ ಎಂದು ಹೇಳಿದ ಮೇಲೆ ಅವನು ಕಡಲೇಕಾಯಿ ಬಿಡಿಸುವುದನ್ನೇ ನಿಲ್ಲಿಸಿದ.

“ಒಂದರಲ್ಲಿ ಬರ್ಲಿಲ್ಲ ಅಂತ ಇನ್ನೊಂದರಲ್ಲಿ, ಅದ್ರಲ್ಲೂ ಬರ್ಲಿಲ್ಲ ಅಂತ ಮತ್ತೊಂದರಲ್ಲಿ. ನಾಲ್ಕನೇದು ಇದ್ದಿದ್ರೆ ಅದ್ರಲ್ಲೂ ತೆರೀತಿದ್ದೆ ಅಲ್ವಾ?”

“ತೆರೀತಿದ್ದೆ” ಎಂದು ಒಪ್ಪಿಕೊಂಡೆ. “ಒಂದು ಕಾಗದ ನೋಡಿದ್ದಕ್ಕೆ ಇಷ್ಟೆಲ್ಲ ಆಗುತ್ತಾ? ನಾನು ಏನೂ ಇನ್‌ಸ್ಟಾಲ್ ಮಾಡಿಲ್ಲ ಕಣೋ, ಬರೀ ನೋಡ್ದೆ.”

“ಅದು ಕಾಗದ ಅಲ್ಲ ಕಣೇ. ಇಲ್ಲಿ ಗೆರೆ ಎಳಿ, ಇಲ್ಲಿ ಈ ಅಕ್ಷರ ಕೂರ್ಸು, ಇಲ್ಲಿ ಈ ಫೋಟೋ ಬಿಡಿಸು ಅಂತ ಬರ್ದಿರೋ ಆರ್ಡರ್ ಚೀಟಿ ಅದು. ತೋರ್ಸೋ ಸಾಫ್ಟ್‌ವೇರು ಚೀಟೀಲಿ ಇದ್ದಂಗೆ ಮಾಡ್ಕೊಂಡು ಹೋಗುತ್ತೆ. ಪುಟಾಣಿ ಪ್ರೋಗ್ರಾಮ್ ಕೂಡ ಅದ್ರೊಳಗೆ ಇಡಬೋದು. ಕಳ್ಳ ಏನ್ ಮಾಡ್ತಾನೆ, ಸಾಫ್ಟ್‌ವೇರಿಗೆ ತಲೆ ತಿರುಗೋ ಹಂಗೆ ಒಂದು ವಕ್ರ ಸಾಲು ಬರೀತಾನೆ. ಅದು ಎಡವಿ ಬೀಳುತ್ತೆ. ಬಿದ್ದಾಗ ಇವನ ಆರ್ಡರ್ ಅದರ ಬಾಯಿಂದ ಹೊರಡುತ್ತೆ. ತೆರ್ಕೊಂಡು ತಂತಾನೇ ಮುಚ್ಕೊಳ್ತು ಅಂದೆಯಲ್ಲ, ಅವಾಗ್ಲೇ ಬಿದ್ದಿದ್ದು.”

“ಬಿದ್ರೆ ಅದು ಬೀಳ್ಲಿ, ನನ್ನ ಪಾಸ್‌ವರ್ಡ್ ಹೆಂಗೆ ಹೋಯ್ತು?”

“ನೀನು ಈ ಮಷೀನಿಗೆ ಯಜಮಾನಿ ಆಗಿ ಕೂತಿದೀಯ. ಏನ್ ಬೇಕಾದ್ರೂ ಬರೀಬೋದು, ಅಳಿಸ್ಬೋದು, ಹೊಸದು ಹಾಕ್ಬೋದು. ನಿನಗೆ ಇರೋ ಅಧಿಕಾರ ನೀನು ತೆರೆದ ಸಾಫ್ಟ್‌ವೇರಿಗೂ ಇರುತ್ತೆ. ಅದರ ತಲೆ ಮೇಲೆ ಕೂತೋನಿಗೂ ಇರುತ್ತೆ. ಅವನು ಒಳಗೆ ಬಂದು, ನೀನು ಒತ್ತಿದ ಒಂದೊಂದು ಕೀಲಿನೂ ಬರ್ಕೊಳ್ಳೋ ಒಬ್ಬ ಗುಮಾಸ್ತನ್ನ ಕೂರಿಸಿ ಹೋದ. ನೀನು ಪಾಸ್‌ವರ್ಡ್ ಹೊಡ್ದೆ, ಅವನು ಬರ್ಕೊಂಡ.”

ನನಗೆ ಮೈ ಉರಿಯಿತು. ಸೋಮವಾರ ಇಡೀ ದಿನ ನಾನು ಆ ಗುಮಾಸ್ತನಿಗೆ ಐದಾರು ಸಲ ಉಕ್ತಲೇಖನ ಕೊಟ್ಟಿದ್ದೆ.

ವೆಂಕಟರವಣ ಮಷೀನಿನಲ್ಲಿ ಉಳಿದಿದ್ದ ಆ ಕೆಟ್ಟ ಫೈಲನ್ನು ಒಂದು ಸಿ.ಡಿ.ಗೆ ಬರೆದಿಟ್ಟುಕೊಂಡು, ಮೂರೂ ಮಷೀನಿನಲ್ಲಿದ್ದದ್ದನ್ನು ಅಳಿಸಿ ಮೊದಲಿಂದ ಎಲ್ಲ ಹಾಕಿದ. ಅದಕ್ಕೇ ಮಧ್ಯಾಹ್ನ ಕಳೆಯಿತು. ಕಳೆದುಹೋದ ಮೇಲ್ ವಾಪಸ್ಸು ಕೇಳಿ ಇಮೇಲ್ ಕಂಪನಿಯವರಿಗೆ ಬರೆದ, ಉತ್ತರ ಬರಲು ದಿನಗಳಾಗುತ್ತವೆ ಎಂದ. ಆಮೇಲೆ, “ಈಗ ನಿಂಗೊಂದು ತೋರಿಸ್ತೀನಿ” ಎಂದು ಹೊಸದೊಂದು ಸಾಫ್ಟ್‌ವೇರು ಹಾಕಿದ. ಹೆಸರು ಕೇಳಿದೆ. ಇದನ್ನೆಲ್ಲ ಸ್ಯಾಂಡ್‌ಬಾಕ್ಸ್ ಅಂತಾರೆ ಎಂದ. “ಶಿಶುವಿಹಾರದ ಮೂಲೇಲಿ ಮರಳು ತುಂಬಿದ ತೊಟ್ಟಿ ಇರುತ್ತಲ್ಲ. ಮಕ್ಕಳು ಅದ್ರಲ್ಲಿ ಮನೆ ಕಟ್ಲಿ, ಕೆಡವ್ಲಿ, ಒಬ್ಬರ ತಲೆಗೊಬ್ರು ಸುರ್ಕೊಳ್ಲಿ. ಮರಳು ಮಾತ್ರ ತೊಟ್ಟಿ ದಾಟಿ ಜಮಖಾನಕ್ಕೆ ಬರಬಾರ್ದು.”

ಇಂಟರ್ನೆಟ್ಟಿನ ತಂತಿ ಕಿತ್ತು, ಆ ಸಿ.ಡಿ. ಹಾಕಿ, ಪಿಡಿಎಫ್ ತೋರಿಸುವ ಸಾಫ್ಟ್‌ವೇರನ್ನು ಆ ತೊಟ್ಟಿಯೊಳಗೆ ಕೂರಿಸಿ ಅದೇ ಕೆಟ್ಟ ಫೈಲನ್ನು ತೆರೆದ. ನಾನು ಕುರ್ಚಿ ಹಿಂದಕ್ಕೆ ಎಳೆದೆ. ಮೊದಲಿನ ಹಾಗೆಯೇ ತೆರೆಯಿತು, ಎಡವಿತು, ಮುಚ್ಚಿಕೊಂಡಿತು. ವೆಂಕಟರವಣ ಒಂದು ಪಟ್ಟಿ ತೆರೆದು ತೋರಿಸಿದ. ಎರಡು ಹೊಸ ಫೈಲುಗಳು ಹುಟ್ಟಿದ್ದವು. ಕಳ್ಳ ತಾನು ಮಷೀನಿನ ಗರ್ಭಗುಡಿಯಲ್ಲೇ ಅವನ್ನು ಇಟ್ಟೆನೆಂದು ತಿಳಿದಿದ್ದ. ನಿಜದಲ್ಲಿ ಅವು ಬಿದ್ದಿದ್ದು ಗರ್ಭಗುಡಿಯಂತೆ ಕಾಣುವ ಒಂದು ನಕಲು ಕೋಣೆಯಲ್ಲಿ. ಆ ಕೋಣೆಯಿಂದ ಆಚೆಗೆ ಬರೆಯಲು ಅವನಿಗೆ ಕೈ ಎಟುಕುತ್ತಿರಲಿಲ್ಲ. ವೆಂಕಟರವಣ ಒಂದು ಬಟನ್ ಒತ್ತಿದ, ಕೋಣೆ ಖಾಲಿಯಾಯಿತು. ಮಷೀನು ಏನೂ ಆಗದ ಹಾಗೆ ಕೂತಿತ್ತು.

“ಇನ್ನೊಂದು ಸಲ” ಎಂದೆ.

ಇನ್ನೊಂದು ಸಲ ಮಾಡಿದ. ಆಮೇಲೆ ನಾನೇ ಮೌಸು ಕಿತ್ತುಕೊಂಡು ಮಾಡಿದೆ. ಒಂದು ವಾರ ನನ್ನ ನಿದ್ದೆ ಕೆಡಿಸಿದವನು ಆ ತೊಟ್ಟಿಯಲ್ಲಿ ಬಿದ್ದು ಒದ್ದಾಡುವುದನ್ನು ನೋಡಲು ಎಂಥದೋ ಸುಖ. ಪಿಡಿಎಫ್ ತೋರಿಸುವ ಸಾಫ್ಟ್‌ವೇರು ಮಾಡುವವರು ಇದನ್ನು ಅದರೊಳಗೇ ಯಾಕೆ ಇಡಬಾರದು ಎಂದು ಕೇಳಿದೆ. ಇಟ್ಟೇ ಇಡ್ತಾರೆ, ಹೊಡೆತ ಜಾಸ್ತಿ ಬೀಳ್ತಾ ಇದೆ ಎಂದ. ಅವನು ಹೇಳಿದಂತೆ ಮರುವರ್ಷದ ಕೊನೆಗೆ ಅದು ಬಂತು. ಕಾಗದ ಓದುವ ಭಾಗವನ್ನೇ ಕೈಕಟ್ಟಿ ಬೇರೆ ಕೂರಿಸಿದ್ದರು, ಅದು ಏನಾದರೂ ಉಳಿಸಬೇಕು, ಇನ್ನೊಂದು ಪ್ರೋಗ್ರಾಮ್ ತೆರೆಯಬೇಕು ಎಂದರೆ ಬಾಗಿಲಲ್ಲಿರುವ ಒಬ್ಬ ಕಾವಲುಗಾರನನ್ನು ಕೇಳಬೇಕು. ಅವನು ತನ್ನ ಪಟ್ಟಿ ನೋಡಿ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು. ಎಡವಿ ಬೀಳುವುದನ್ನು ಅದು ತಪ್ಪಿಸುವುದಿಲ್ಲ, ಬಿದ್ದದ್ದು ಅಲ್ಲೇ ಬೀಳುವಂತೆ ಮಾಡುತ್ತದೆ. ಗೋಡೆಯಲ್ಲೇ ಬಿರುಕಿದ್ದರೆ ಕಳ್ಳ ಅದನ್ನೂ ಹುಡುಕುತ್ತಾನೆ, ಆದರೆ ಒಂದಕ್ಕೆ ಎರಡು ಬೀಗ ಮುರಿಯಬೇಕಾಗುತ್ತದೆ.

“ಒಂದು ನೆನಪಿಟ್ಕೋ” ಎಂದು ವೆಂಕಟರವಣ ಹೊರಡುವ ಮೊದಲು ಹೇಳಿದ. “ಈ ತೊಟ್ಟಿ ಬರೀ ಓದಕ್ಕೆ. ಅದ್ರೊಳಗೇ ಕೂತ್ಕೊಂಡು ನೀನು ಪಾಸ್‌ವರ್ಡ್ ಹೊಡೆದ್ರೆ ಒಳಗಿರೋನು ನೋಡ್ತಾನೆ. ನೀನಾಗಿ ಕೈಗೆ ಕೊಟ್ಟಿದ್ದನ್ನ ಯಾವ ತೊಟ್ಟಿನೂ ಕಾಯಲ್ಲ.”

ನಾನು ಅರ್ಧ ಕೇಳಿದೆ, ಅರ್ಧ ಬಿಟ್ಟೆ. ನಾಲ್ಕನೆಯ ಸಲ ಆ ಫೈಲನ್ನು ತೆರೆದು ಮುಚ್ಚಿ ಆಡುತ್ತಿದ್ದೆ. ಆಗಲೇ ಶಾಹೀನಾ ಜಗಲಿಗೆ ಬಂದು, ಹರಡಿದ ಸೊಪ್ಪನ್ನು ತುಳಿಯದ ಹಾಗೆ ಅಂಚಿನಲ್ಲಿ ನಿಂತು ಕೇಳಿದಳು. “ಭಾನುವಾರಾನೂ ತೆಗ್ದಿದೀರಲ್ಲ ಅಕ್ಕಾ. ಬಂತಾ?”

“ಇಲ್ಲಮ್ಮ. ನಾಳೆ ನೋಡೋಣ.”

ಅವಳು ಹೋದಳು. ನನ್ನ ಮನಸ್ಸಿನಲ್ಲಿ ಒಂದು ಚೂರೂ ಚುಚ್ಚಲಿಲ್ಲ. ಮಷೀನು ಸರಿಹೋಯಿತಲ್ಲ ಎಂಬ ಖುಷಿಯಲ್ಲಿದ್ದೆ. ಇವತ್ತಿಗೂ ನನಗೆ ನಾಚಿಕೆಯಾಗುವುದು ಆ ಮೇಲ್ ತೆರೆದದ್ದಕ್ಕಲ್ಲ, ಆ ಭಾನುವಾರದ ಖುಷಿಗೆ.

ಸೋಮವಾರ ಮಧ್ಯಾಹ್ನ ಮುನಿಯಮ್ಮ ಸೊಪ್ಪು ತಿರುವಲು ಬಂದಾಗ ನನ್ನ ಹೊಸ ವಿದ್ಯೆಯನ್ನು ಅವರ ಮುಂದೆ ಬಿಚ್ಚಿದೆ. ನಿಮ್ಮ ಹುಳದ ಮನೆಯಂಥದೇ ಒಂದು ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟಿದ್ದೇವೆ, ರೋಗ ಇನ್ನು ಬರುವುದಿಲ್ಲ ಎಂದೆ. ಮುನಿಯಮ್ಮ ಸೊಪ್ಪಿನಿಂದ ತಲೆ ಎತ್ತದೆ ಪೂರ್ತಿ ಕೇಳಿದರು. ನಡುವೆ ಎರಡು ಪ್ರಶ್ನೆ ಕೇಳಿದರು. ಆಮೇಲೆ, “ಅದು ಹುಳದ ಮನೆ ಅಲ್ಲಮ್ಮ, ಉಲ್ಟಾ ಹೇಳ್ತಾ ಇದೀಯ” ಎಂದರು.

“ಹೆಂಗೆ?”

“ಹುಳದ ಮನೇಲಿ ಒಳ್ಳೇದು ಒಳಗೆ, ರೋಗ ಹೊರಗೆ. ನೀ ಹೇಳೋದ್ರಲ್ಲಿ ಕೆಟ್ಟಿದ್ದೇ ಒಳಗೆ. ಅದು ನಮ್ಮ ಆ ಮೂಲೆ ಗುಡಿಸ್ಲು ಇದ್ದಂಗೆ.” ತೋಟದ ತುದಿಯಲ್ಲಿದ್ದ ತೆಂಗಿನ ಗರಿಯ ಸಣ್ಣ ಗುಡಿಸಲಿನ ಕಡೆ ಕೈ ತೋರಿಸಿದರು. “ಗೊತ್ತಿಲ್ದಿರೋ ಕಡೆಯಿಂದ ಮರಿ ಹುಳ ತಂದ್ರೆ ಒಂದು ಜ್ವರ ಏಳೋ ತನಕ ಅಲ್ಲಿಡ್ತೀವಿ. ಅದಕ್ಕೆ ಬೇರೆ ತಟ್ಟೆ, ಬೇರೆ ಬುಟ್ಟಿ. ಮೇವು ಹಾಕೋರು ಈ ಕಡೆ ಬರಂಗಿಲ್ಲ. ಚೆನ್ನಾಗಿದ್ರೆ ತರ್ತೀವಿ. ಹಾಲುತೊಂಡೆ ಗೀಲುತೊಂಡೆ ರೋಗ ಬಂತಾ, ಗುಡಿಸಲ ಸಮೇತ ಸುಟ್ಟಾಕಿ ಇನ್ನೊಂದು ಕಟ್ತೀವಿ. ಗರಿಗೇನು ಬರ.”

ವೆಂಕಟರವಣ ಒಂದು ಮಧ್ಯಾಹ್ನ ಹೇಳಿದ್ದನ್ನು ಇವರು ಸೊಪ್ಪು ತಿರುವುತ್ತಾ ಮುಗಿಸಿದ್ದರು. ಮುನಿಯಮ್ಮ ಮುಂದುವರಿದರು. “ಅದು ಸರಿ, ಹೋದ ವಾರ ನಿನ್ನ ಮನೆಗೆ ರೋಗ ಬಂದಿದ್ದನ್ನ ಯಾರ್ಯಾರಿಗೆ ಹೇಳ್ದೆ?”

“ಯಾರಿಗೆ ಹೇಳ್ಬೇಕು?”

“ಏಮಮ್ಮಾ, ಇಷ್ಟು ಓದಿದೀಯ.” ಅವರ ಮಾತಿಗೆ ತೆಲುಗು ಬಂತೆಂದರೆ ಕೋಪ ಬಂತೆಂದೇ ಅರ್ಥ. “ನನ್ನ ಮನೇಲಿ ಹುಳ ಕೆಟ್ರೆ ಮೊದಲು ಅಕ್ಕಪಕ್ಕದ ಹುಳದ ಮನೆಯವರಿಗೆ ಕೂಗಿ ಹೇಳ್ತೀನಿ. ನನ್ನ ಕಾಲಿಂದ, ನನ್ನ ಬುಟ್ಟಿಯಿಂದ ಅವರಿಗೆ ಹೋಗುತ್ತಲ್ಲ. ನಾಚ್ಕೆ ಅಂತ ಸುಮ್ನಿದ್ರೆ ಅವರ ಬೆಳೆನೂ ನಾನೇ ಕೊಂದಂಗೆ. ಈ ಊರಲ್ಲಿ ಹುಳ ಕೆಟ್ಟೋರನ್ನ ಯಾರೂ ಆಡ್ಕೊಳ್ಳಲ್ಲ. ಹೇಳ್ದೆ ಇದ್ದೋರ ಮನೆಗೆ ಮಾತ್ರ ಯಾರೂ ಹೋಗಲ್ಲ.”

ಅಲ್ಲಿಂದ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ನಾಲ್ಕು ಗಂಟೆಗೇ ಅಂಗಡಿ ಮುಚ್ಚಿ ಜಿನುಗುವ ಮಳೆಯಲ್ಲಿ ಶಾಹೀನಾಳ ಮನೆಗೆ ನಡೆದೆ. ನೂಲು ಘಟಕದ ಹಿಂದಿನ ಓಣಿ, ಎರಡು ಕೋಣೆಯ ಮನೆ. ಅವಳ ಅಬ್ಬಾ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಶಾಹೀನಾಳ ಮುಖ ಅರಳಿತು. ಪತ್ರ ಬಂದಿದೆ, ಅಕ್ಕ ತಾನೇ ತಂದುಕೊಡಲು ಬಂದಿದ್ದಾಳೆ ಎಂದುಕೊಂಡಳು. ಆ ಮುಖದ ಮುಂದೆ ನಾನು ಎಲ್ಲ ಹೇಳಬೇಕಾಯಿತು. ಸೋಮವಾರದ ಫೈಲು, ಮಂಗಳವಾರದ ಪಾಸ್‌ವರ್ಡು, ಆಮೇಲೆ ದಿನಾ ಹೇಳಿದ ಸುಳ್ಳು. ಅವಳ ತಂದೆ ಚೊಂಬು ಹಿಡಿದುಕೊಂಡು ಹಾಗೇ ನಿಂತರು. ಶಾಹೀನಾ ಒಳಗೆ ಹೋಗಿ ಸರ್ಟಿಫಿಕೇಟುಗಳ ಚೀಲ ತೆಗೆದು ಬಾಗಿಲ ಪಕ್ಕ ಇಟ್ಟಳು. “ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗಣ ಅಕ್ಕಾ” ಎಂದಳು.

ಹೋದೆವು. ಆಸ್ಪತ್ರೆಯ ಕಚೇರಿಯಲ್ಲಿ ಒಬ್ಬ ಹೆಂಗಸು ಕಡತ ತೆಗೆದು ಬೆರಳಿಟ್ಟು ಹುಡುಕಿದರು. ಶಾಹೀನಾಳ ಹೆಸರು ಇತ್ತು. ಹೆಸರಿನ ಮುಂದೆ ಗೈರುಹಾಜರು ಎಂದು ಬರೆದಿತ್ತು.

“ನಿನ್ನೆ ಇತ್ತಲ್ಲಮ್ಮ, ಬೆಳಿಗ್ಗೆ ಹತ್ತು ಗಂಟೆಗೆ. ಬುಧವಾರಾನೇ ಎಲ್ಲರಿಗೂ ಮೇಲ್ ಕಳ್ಸಿದೀವಿ” ಎಂದರು.

ನಾನು ಬೇಡಿದೆ, ತಪ್ಪು ನನ್ನದೆಂದೆ, ಬರೆದುಕೊಡುತ್ತೇನೆಂದೆ. ಆಕೆ ಕೆಟ್ಟವರಲ್ಲ, ಒಳಗೆ ಹೋಗಿ ಕೇಳಿಯೂ ಬಂದರು. ಆಯ್ಕೆ ಮುಗಿದಿತ್ತು. ಭಾನುವಾರ ಸಂಜೆ ನಾನು ಒಂದು ಮಾತು ಹೇಳಿದ್ದರೆ ಸೋಮವಾರದ ಮೊದಲ ಬಸ್ಸಿಗೆ ಹೊರಟು ಹತ್ತಕ್ಕೆ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಮೇಲ್ ನೋಡಬೇಕಾಗಿಯೂ ಇರಲಿಲ್ಲ, ಬುಧವಾರದಿಂದ ಈಚೆಗೆ ಯಾವತ್ತು ಆಸ್ಪತ್ರೆಗೆ ಒಂದು ಫೋನ್ ಮಾಡಿದ್ದರೂ ಆಗುತ್ತಿತ್ತು. ಇದು ನನಗೆ ಹೊಳೆಯದ ವಿಷಯವಲ್ಲ. ಫೋನ್ ಮಾಡಿದರೆ ಯಾಕೆಂದು ಹೇಳಬೇಕಾಗುತ್ತಿತ್ತು, ಅಷ್ಟೇ.

ವಾಪಸ್ಸು ಬರುವಾಗ ಶಾಹೀನಾ ಕಿಟಕಿಯ ಪಕ್ಕ ಕೂತಳು. ದೇವನಹಳ್ಳಿ ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. “ತೆರೆದಿದ್ದಕ್ಕೆ ನಂಗೆ ಕೋಪ ಇಲ್ಲ ಅಕ್ಕಾ. ನನ್ನ ಹೆಸ್ರು ಇದೆ ಅಂದ್ಕೊಂಡು ತೆರೆದ್ರಿ. ನಾನಾಗಿದ್ರೂ ತೆರೀತಿದ್ದೆ.” ಮುಂದಿನ ಮಾತು ಬರುತ್ತದೆಂದು ಕಾದೆ. ಶಿಡ್ಲಘಟ್ಟ ಬಂತು, ಚೀಲ ಹೆಗಲಿಗೇರಿಸಿ ಇಳಿದಳು. ಆ ಮಾತು ಇವತ್ತಿನವರೆಗೂ ಬಂದಿಲ್ಲ.

ಅಂಗಡಿಯ ಮೇಲ್ ಹದಿನೈದು ದಿನದ ಮೇಲೆ ವಾಪಸ್ಸು ಸಿಕ್ಕಿತು. ದಾರದಲ್ಲಿ ಹೆಸರಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು, ನಡೆದದ್ದನ್ನು ಹೇಳಿ, ಅವರವರದೇ ಇಮೇಲ್ ಮಾಡಿಕೊಟ್ಟೆ. ಕೆಲವರು ಬೈದರು. ಹೆಚ್ಚಿನವರು ಪಾಸ್‌ವರ್ಡ್ ನೀವೇ ಇಟ್ಟುಕೊಳ್ಳಿ ಸುಜಾತಕ್ಕ, ನಮಗೆ ಮರೆತುಹೋಗುತ್ತೆ ಎಂದರು. ಅಂಥವರನ್ನು ಕೂರಿಸಿ ಹತ್ತು ಸಲ ಹೊಡೆಸಿದೆ. ಹೊರಗಿನಿಂದ ಬಂದ ಕಾಗದ ಯಾರದಿದ್ದರೂ ಮೊದಲು ಆ ತೊಟ್ಟಿಯಲ್ಲೇ ತೆರೆಯುತ್ತಿದ್ದೆ, ಅದೂ ಒಂದೇ ಮಷೀನಿನಲ್ಲಿ. ಮುನಿಯಮ್ಮನ ಹುಳು ಆ ಸಲ ಹೇಗೋ ಹಣ್ಣಾಗಿ ಗೂಡು ಕಟ್ಟಿತು. ಶಾಹೀನಾ ಮಾತ್ರ ಅಂಗಡಿಯ ಕಡೆ ಬರಲಿಲ್ಲ. ಸಂಜೆಯ ಆ ಹೊತ್ತಿಗೆ ನಾನು ರಸ್ತೆ ನೋಡುತ್ತಾ ಕೂರುತ್ತಿದ್ದೆ.

ಮಳೆ ನಿಂತು, ತೋಟಗಳಲ್ಲಿ ಸೊಪ್ಪು ಮತ್ತೆ ಚಿಗುರಿದ ಮೇಲೆ ಒಂದು ದಿನ ಬೆಳಿಗ್ಗೆ ಅವಳು ಬಂದಳು. ಕೈಯಲ್ಲಿ ಪೇಪರಿನ ಕಟಿಂಗು, ಬೇರೊಂದು ಕಡೆ ನರ್ಸುಗಳು ಬೇಕಾಗಿದ್ದರು. ಆ ಅರ್ಜಿಯಿಂದಲೇ ಮುಂದೆ ಅವಳಿಗೆ ಚಿಕ್ಕಬಳ್ಳಾಪುರದಲ್ಲಿ ಕೆಲಸವಾಯಿತು. ಸಂದರ್ಶನದ ಪತ್ರ ಬಂದದ್ದೂ ಅವಳು ಹೋಗಿ ಬಂದದ್ದೂ ನನಗೆ ಬೇರೆಯವರಿಂದ ತಿಳಿಯಿತು.

“ನಂದೇ ಒಂದು ಇಮೇಲ್ ಮಾಡ್ಬೇಕು ಅಕ್ಕಾ” ಎಂದಳು.

ಕುರ್ಚಿ ಎಳೆದು ಕೂರಿಸಿದೆ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಾ ಹೋದೆ, ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಹೋದಳು. ಹೆಸರು, ಊರು, ಹುಟ್ಟಿದ ದಿನ. ಪಾಸ್‌ವರ್ಡ್ ಖಾನೆ ಬಂತು. ಎಂಟಕ್ಷರಕ್ಕೆ ಕಡಿಮೆ ಬೇಡ, ಅಂಕಿನೂ ಒಂದೆರಡು ಇರಲಿ ಎಂದು ಹೇಳಿ ಪರದೆಯ ಕಡೆ ಬಾಗಿದೆ. ಶಾಹೀನಾ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

“ಅಕ್ಕಾ, ನೀವು ಆ ಕಡೆ ತಿರುಗ್ಕೊಳ್ಳಿ” ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

ಗೋಡೆಯ ಕಡೆ ತಿರುಗಿದೆ. ಹಿಂದಿನಿಂದ ಕೀಲಿಗಳ ಸದ್ದು ಕೇಳತೊಡಗಿತು, ನಿಧಾನವಾಗಿ, ಒಂದಾದ ಮೇಲೊಂದು. ಐದು, ಆರು, ಏಳು. ನಾನು ಎಣಿಸುತ್ತಿದ್ದೇನೆ ಎಂದು ಗೊತ್ತಾದದ್ದು ಒಂಬತ್ತಕ್ಕೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎದ್ದು ಬಾಗಿಲು ಎಳೆದುಕೊಂಡು ಜಗಲಿ ಇಳಿದು, ರಸ್ತೆಯ ಬಸ್ಸು ಲಾರಿಗಳ ಸದ್ದು ಬಿಟ್ಟು ಇನ್ನೇನೂ ಕೇಳದಷ್ಟು ದೂರ ಹೋಗಿ ಬಿಸಿಲಿನಲ್ಲಿ ನಿಂತೆ. ಅವಳೇ ಬಾಗಿಲು ತೆರೆದು, “ಆಯ್ತು, ಈಗ ಬನ್ನಿ ಅಕ್ಕಾ” ಎಂದು ಕರೆಯುವವರೆಗೆ ನನ್ನ ಅಂಗಡಿಯೊಳಗೆ ನಾನು ಹೋಗಲಿಲ್ಲ.